ರಾಧಿಕಾಗೆ ಹೋಳಿಗೆ, ಕುಮುದಾಗೆ ಪರೀಕ್ಷೆ

ತಾಟಿನಲ್ಲಿ ಅಕ್ಕಿ ಹರವಿಕೊಂಡು ಹರಳು ಆರಿಸುತ್ತಿದ್ದೆ. ಬೆರಳು ತನ್ನಷ್ಟಕ್ಕೆ ಒಂದು ಗೆರೆ ಎಳೆಯಿತು ನೋಡಿ, ಹಳೆಯ ಸಿಟ್ಟು ನೆತ್ತಿಗೇರಿತು. ಅಕ್ಕಿಯ ಮೇಲೆಂಥ ಸಿಟ್ಟು ಎಂದು ನೀವು ನಗಬಹುದು. ನಮ್ಮ ಮದುವೆಯಲ್ಲಿ ಹೀಗೇ ಒಂದು ತಾಟಿನ ತುಂಬ ಅಕ್ಕಿ ಇಟ್ಟಿದ್ದರು. ನಮ್ಮವರು ಬಂಗಾರದ ಉಂಗುರದಿಂದ ಅದರ ಮೇಲೆ ಮದುಮಗಳಿಗೆ ಇಡುವ ಹೊಸ ಹೆಸರನ್ನು ‘ರಾಧಿಕಾ’ ಎಂದು ಬರೆದರು. ತವರೂರು ಇಂಡಿಯಿಂದ ಕುಮುದಾ ಆಗಿ ಹೊರಟವಳು ಸಿಂದಗಿಯ ಅತ್ತೆಮನೆಯೊಳಗೆ ರಾಧಿಕಾ ಆಗಿ ಕಾಲಿಟ್ಟೆ. ಆ ಅಕ್ಕಿಯನ್ನು ಮರುದಿನ ಯಾರೋ ಅನ್ನಕ್ಕೆ ಹಾಕಿದರು. ಹೆಸರು ಮಾತ್ರ ನನಗೆ ಅಂಟಿಕೊಂಡಿತು.

ಆ ಹೆಸರಿನ ವಿಶೇಷವೆಂದರೆ, ಯಾರು ಕರೆದರೂ ಅದರ ಬೆನ್ನಿಗೆ ಒಂದು ಕೆಲಸ ಇರುತ್ತದೆ. “ರಾಧಿಕಾ, ಚಹಾ.” “ರಾಧಿಕಾ, ನನ್ನ ಗುಳಿಗಿ ಎಲ್ಲಿ?” ಇದರ ನಡುವೆ ನನಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯುವ ಹುಚ್ಚು ಹಿಡಿಯಿತು. ಓದು, ಮನೆಗೆಲಸ ಎರಡೂ ಸಾಗಲೆಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಪ್ರತಿ ಕೆಲಸಕ್ಕೊಂದು ಚೀಟಿ, ಚೀಟಿಯ ಕೆಳಗೆ ‘ಯಾರು ಮಾಡಬೇಕು’ ಎಂಬ ಖಾನೆ. ಮುಗಿದದ್ದನ್ನು ಬೆರಳಿನಿಂದ ಪಕ್ಕದ ಸಾಲಿಗೆ ಎಳೆದರಾಯಿತು. ನಾನು ಭಾರಿ ಜಾಣೆ ಎಂಬ ಹುಮ್ಮಸ್ಸಿನಲ್ಲಿ ನಮ್ಮವರನ್ನೂ ಅದರೊಳಗೆ ಸೇರಿಸಿದೆ. ಅವರು ಆಫೀಸಿನಲ್ಲಿ ಕೂತೇ ಚೀಟಿ ಹಾಕತೊಡಗಿದರು: ‘ಇಸ್ತ್ರಿ: ರಾಧಿಕಾ’, ‘ಹಿಟ್ಟಿನ ಗಿರಣಿ: ರಾಧಿಕಾ’. ಮಕ್ಕಳ ಮನೋವಿಜ್ಞಾನ ಎಂಬ ನನ್ನ ಬಡಪಾಯಿ ಚೀಟಿ ಇವುಗಳ ಅಡಿಯಲ್ಲಿ ಎಲ್ಲೋ ಹೂತುಹೋಯಿತು. ಒಬ್ಬ ಅತ್ತೆ ಸಾಲದೆಂದು ಟಿಂಗ್ ಎನ್ನುವ ಇನ್ನೊಬ್ಬಳನ್ನು ನಾನೇ ಮನೆಗೆ ತಂದುಕೊಂಡಿದ್ದೆ.

ಕಾಲೇಜಿನ ದಿನಗಳ ಇಮೇಲ್ ಒಂದು ಹಾಗೇ ಉಳಿದಿತ್ತು. ಅದರಿಂದ ಆ್ಯಪಿಗೆ ಇನ್ನೊಬ್ಬಳನ್ನು ಸೇರಿಸಿದೆ: ಕುಮುದಾ. ಓದಿನ ಚೀಟಿಗಳೆಲ್ಲ ಅವಳಿಗೆ. ಸ್ವಲ್ಪ ಹೊತ್ತಿಗೇ ನಮ್ಮವರ ಫೋನ್ ಬಂತು.

“ಈ ಕುಮುದಾ ಅಂದ್ರ ಯಾರ?”

ಲಗ್ನಪತ್ರಿಕೆಯಲ್ಲಿ ಅವರ ಹೆಸರಿನ ಪಕ್ಕದಲ್ಲೇ ಅಚ್ಚಾಗಿದ್ದ ಹೆಸರು!

“ನಿಮ್ಮ ಹೇಣ್ತಿರಿ,” ಎಂದೆ.

ನನಗೆ ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು.

ಪರೀಕ್ಷೆ ಒಂದು ರವಿವಾರ, ಬಸವನಬಾಗೇವಾಡಿಯಲ್ಲಿ. ಅದೇ ರವಿವಾರಕ್ಕೆ ನಾದಿನಿಯ ಅತ್ತೆಮನೆಯವರು ಊಟಕ್ಕೆ ಬರುವವರಿದ್ದರು. ‘ಹೋಳಿಗೆ ಊಟ: ರಾಧಿಕಾ’ ಎಂದು ಚೀಟಿ ಬಿತ್ತು.

“ಪರೀಕ್ಷಾ ಮತ್ತ ಬರ್ತಾವ. ಬೀಗರು ಮತ್ತ ಮತ್ತ ಬರ್ತಾರೇನು?” ಎಂದರು ಅತ್ತೆ.

“ಹೋಳಿಗಿ ರಾಧಿಕಾಂದ್ರಿ ಅತ್ಯಾ, ಪರೀಕ್ಷಾ ಕುಮುದಾಂದು. ಬೇಕಾದ್ರ ಹಾಲ್ ಟಿಕೆಟ್ ನೋಡ್ರಿ. ಆಕಿ ಮುಂಜಾನೆ ಬಾಗೇವಾಡಿ ಬಸ್ ಹತ್ತತಾಳ.”

“ಹಂಗಾದ್ರ ಹೋಳಿಗಿ ಮಾಡವ್ರು ಯಾರು?” ನಮ್ಮವರು ಕೇಳಿದರು.

ಫೋನು ತೆಗೆದು ಆ ಚೀಟಿಯ ಖಾನೆಯಿಂದ ರಾಧಿಕಾಳನ್ನು ಅಳಿಸಿದೆ. ಹಬ್ಬ ಹುಣ್ಣಿಮೆಗೆ ಒಡಪು ಹಾಕಿ, ಅಂದರೆ ಪ್ರಾಸದ ಸಾಲಿನೊಳಗೆ ಅಡಗಿಸಿ ನಾಚುತ್ತ ಹೇಳಿದ್ದು ಬಿಟ್ಟರೆ, ಗಂಡನ ಹೆಸರು ನನ್ನ ಬಾಯಲ್ಲಿ ಬಂದದ್ದೇ ಇಲ್ಲ. ಅವತ್ತು ಒಡಪಿಲ್ಲದೆ ಒತ್ತಿದೆ: ಶ್ರೀಕಾಂತ. ಅವರ ಜೇಬಿನಲ್ಲಿ ಟಿಂಗ್ ಎಂದಿತು, ತೆಗೆದು ಗಟ್ಟಿಯಾಗಿ ಓದಿದರು.

ಅತ್ತೆ ಎದ್ದೇ ನಿಂತರು. “ಗಂಡನ ಹೆಸರ ಹಿಡದು ಕೆಲಸ ಹಚ್ಚಿದೇನ?”

“ಬಾಯಿಲೆ ಅಂದಿಲ್ರಿ.”

ಪರೀಕ್ಷೆಗೆ ಹೋದೆ. ಹೋಳಿಗೆ ಖಾನಾವಳಿಯಿಂದ ಬಂದವಂತೆ, ಬೀಗರು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರಂತೆ. ನಾನು ಪಾಸಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

“ಇಷ್ಟ ರಂಪ ಮಾಡಿ ಫೇಲಾ?” ಅತ್ತೆ ಕೇಳಿದರು.

“ಕುಮುದಾ ಫೇಲಾಗ್ಯಾಳ್ರಿ. ಆಕಿನ ಮತ್ತ ಬರೀತಾಳ.”

ಬರೆಯುತ್ತೇನೆ. ಪುಸ್ತಕ ಅಡುಗೆಮನೆಯ ಕಿಟಕಿಯಲ್ಲೇ ಇದೆ.

ಈಗ ನಿಮ್ಮೊಡನೆ ಮಾತಾಡುತ್ತಿರುವಾಗಲೇ ಫೋನು ಟಿಂಗ್ ಎಂದಿತು. ‘ರಾತ್ರಿ ಅನ್ನ, ಸಾರು: ಕುಮುದಾ’. ನೋಡಿ ಇವರ ಶಾಣ್ಯಾತನ! ರಾಧಿಕಾ ಕೈಗೆ ಸಿಗುತ್ತಿಲ್ಲವೆಂದು ಕುಮುದಾಳನ್ನೇ ಹಿಡಿಯಲು ಬಂದಿದ್ದಾರೆ. ಆದರೂ ಆ ಹೆಸರನ್ನು ಅವರು ಬರೆದದ್ದು ಇದೇ ಮೊದಲು. ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಖಾನೆ ಅಳಿಸಿ, ಶ್ರೀಕಾಂತ ಎಂದು ಒತ್ತಿದೆ.

ತಾಟಿನ ಅಕ್ಕಿಯ ಮೇಲೆ ಬರಿಬೆರಳಿನಿಂದ ದೊಡ್ಡದಾಗಿ ‘ಕುಮುದಾ’ ಎಂದು ಬರೆದೆ. ತಾಟನ್ನು ಒಲೆಯ ಪಕ್ಕ ಇಟ್ಟು ಪುಸ್ತಕ ತೆಗೆದುಕೊಂಡೆ. ಅನ್ನಕ್ಕಿಡುವ ಮೊದಲು ಅವರು ಅದನ್ನು ಒಮ್ಮೆ ಓದಲೇಬೇಕು.