ಅಕ್ಕನ ಶೆಡ್ಡಿಗೆ ನಾ ಬರದ ಎಸ್ಟಿಮೇಟ್

ಒಂದು ಕೆಲಸ ಆಗಬಾರದು ಅಂದ್ರ ಅದಕ್ಕ ‘ಆಗೂದಿಲ್ಲ’ ಅಂತ ಬರೀಬಾರದು. ಮೂವತ್ತೊಂದು ವರ್ಷ ನೌಕರಿ ಮಾಡಿದ ಕಚೇರ್ಯಾಗ ನಾ ಕಲಿತ ಮೊದಲ ಪಾಠ ಇದು. ಆಗೂದಿಲ್ಲ ಅಂತ ಬರದ್ರ ನಾಳೆ ಯಾರಾದ್ರೂ ಯಾಕ ಅಂತ ಕೇಳ್ತಾರ. ಅದರ ಬದಲಿ ಎಸ್ಟಿಮೇಟ್ ದೊಡ್ಡದು ಮಾಡಬೇಕು. ಮಂಜೂರಿ ಐದು ಲಕ್ಷಕ್ಕಿದ್ರ ಎಂಟು ಲಕ್ಷದ್ದು ಬರದು ಮ್ಯಾಲೆ ಕಳಸಬೇಕು. ಫೈಲು ತಾನೇ ತಿರುಗಿ ಬರತದ, ಯಾರ ಮ್ಯಾಲೂ ಮಾತು ಬರೂದಿಲ್ಲ. ಸಾಲಿ ಕಂಪೌಂಡು, ಗೋದಾಮು, ಸಣ್ಣ ಸೇತುವಿ, ಎಲ್ಲಾದಕ್ಕೂ ಎಸ್ಟಿಮೇಟ್ ಬರದಾಂವ ನಾ. ಯಾವುದು ಆಗಬೇಕು, ಯಾವುದು ಆಗಬಾರದು ಅನ್ನೂದು ಸಾಹೇಬರ ಮಾರಿ ನೋಡಿದ್ರ ತಿಳೀತಿತ್ತು. ರಿಟೈರ್ ಆದ ಮ್ಯಾಲೆ ಈ ವಿದ್ಯಾ ನನ್ನ ಸ್ವಂತ ಅಕ್ಕನ ಮ್ಯಾಲೆ ಉಪಯೋಗಿಸಿದೆ.

ಅಕ್ಕ ನನಗಿಂತ ಐದು ವರ್ಷ ದೊಡ್ಡಾಕಿ. ಗಂಡ ತೀರಿದ ವರ್ಷ ಕಲಬುರಗಿಗೆ ನಮ್ಮ ಮನಿಗೆ ಬಂದ್ಲು. ಐವಾನ್-ಎ-ಶಾಹಿ ಹತ್ರ ಇರೋ ಈ ಮನ್ಯಾಗೇ ಇಪ್ಪತ್ತೆಂಟು ವರ್ಷ ಉಳದ್ಲು. ಆಕಿಗೆ ಮಕ್ಕಳಿರಲಿಲ್ಲ. ನನ್ನ ಹೆಂಡತಿ ಸಾಲ್ಯಾಗ ಟೀಚರ್, ನಾ ಕಚೇರ್ಯಾಗ. ಮುಂಜಾನೆ ನಾವಿಬ್ಬರೂ ಹೊಂಟೇವಂದ್ರ ಮನಿ ಎಲ್ಲಾ ಅಕ್ಕನ ಕೈಯಾಗ. ಕಮಲಾಪುರದಾಗ ನಮ್ಮಪ್ಪ ಆಕಿ ಹೆಸರಿಗೆ ಮಾಡಿಟ್ಟ ಮೂರು ಎಕರೆ ಅದ. ಎರಡು ಎಕರೆ ತೊಗರಿ, ಒಂದು ಎಕರೆ ಕೆಂಪು ಬಾಳಿ. ಅದನ್ನ ಪಾಲಿಗೆ ಹಾಕಿದ್ಲು. ವರ್ಷಕ್ಕ ನಾಕೈದು ಸಲ ಬಸ್ಸಿಗೆ ಹೋಗಿ ನೋಡಿ, ಬರುವಾಗ ಒಂದು ಗೊನಿ ಹೊತಗೊಂಡು ಬರತಿದ್ಲು.

ಹೋದ ವರ್ಷ ದೀಪಾವಳಿ ಆದ ಮ್ಯಾಲೆ ಒಂದಿನ ನನಗ ಊಟಕ್ಕ ನೀಡಿ, ಎದುರಿಗೆ ಕುಂತು ಅಂದ್ಲು: “ತಮ್ಮಾ, ಹೊಲದಾಗ ಒಂದು ತಗಡಿನ ಪತ್ರಾದ ಶೆಡ್ ಹಾಕಸಬೇಕಂತ ಮಾಡೀನಿ. ಅರ್ಧ ಸಾಮಾನಿಗೆ, ತೊಗರಿ ಚೀಲಕ್ಕ. ಇನ್ನರ್ಧದಾಗ ಎರಡು ಖೋಲಿ, ನಾ ಇರಲಿಕ್ಕೆ.”

ನಾ ನಕ್ಕೆ. “ಇರಲಿಕ್ಕೆ ಅಂದ್ರ? ಎಷ್ಟು ದಿನ?”

“ಇರಲಿಕ್ಕೆ ಅಂದ್ರ ಇರಲಿಕ್ಕೆ,” ಅಂದ್ಲು. “ಬ್ಯಾಂಕಿನ್ಯಾಗ ಆರು ಲಕ್ಷ ಅದ. ಊರ ಮಂದಿಗೆಲ್ಲಾ ಎಸ್ಟಿಮೇಟ್ ಬರದು ಕೊಟ್ಟಿ, ನನಗೊಂದು ಬರದು ಕೊಡು. ಆರರಾಗ ಆಗತದಂದ್ರ ಹಾಕಸ್ತೀನಿ. ಆಗೂದಿಲ್ಲಂದ್ರ ಈ ಮಾತು ಮತ್ತ ತಗಿಯೂದಿಲ್ಲ.”

ಅಕ್ಕನ ಮ್ಯಾಲಿನ ಪ್ರೀತಿಲೆ ಆಕಿನ್ನ ಹೋಗಗೊಡಬಾರದು ಅನಕೊಂಡೆ ಅಂತ ಬರದ್ರ ಓದೋರಿಗೂ ಚಂದ, ನನಗೂ ಚಂದ. ಆದ್ರ ಖರೇ ಹೇಳಬೇಕಂದ್ರ ನನಗ ಮೊದಲು ನೆನಪಾಗಿದ್ದು ಬಿಸಿ ರೊಟ್ಟಿ. ಆಮ್ಯಾಲೆ ನನ್ನ ಬಿ.ಪಿ. ಗುಳಗಿ, ಗ್ಯಾಸ್ ಸಿಲಿಂಡರ್ ಬರೋ ದಿನ, ದೋಬಿ ಲೆಕ್ಕ. ಪ್ರೀತಿ ಇರಲಿಲ್ಲ ಅಂತಲ್ಲ, ಅದರ ಪಾಳಿ ಭಾಳ ಹಿಂದಿತ್ತು. ಅರವತ್ತೇಳು ವರ್ಷದ ಹೆಣ್ಮಗಳು ಹೊಲದಾಗ ಒಬ್ಬಾಕಿನೇ ಇರತೀನಿ ಅಂತಾಳಲ್ಲ, ಏನು ಬಂದದ ಇಕಿಗೆ ಅಂತ ಸಿಟ್ಟೂ ಬಂತು. ಬಾಯಿಲೆ ಮಾತ್ರ, “ಆತು, ಬರೀತೀನಿ,” ಅಂದೆ.

ಎರಡು ದಿನ ಕುಂತು ಬರದೆ. ನಲವತ್ತು ಫೂಟ ಉದ್ದ, ಇಪ್ಪತ್ತು ಫೂಟ ಅಗಲ, ಹತ್ತು ಕಬ್ಬಿಣದ ಖಾಂಬ, ಮ್ಯಾಲೆ ಪತ್ರಾ. ನ್ಯಾಯವಾಗಿ ಬರದಿದ್ರ ಎಲ್ಲಾ ಸೇರಿ ಆರರ ಒಳಗ ಬರತಿತ್ತು; ಅದು ಕಾಗದ ಮುಟ್ಟೂದರೊಳಗೇ ನನಗ ಗೊತ್ತಿತ್ತು. ಹಂಗಾಗಿ ಸುಳ್ಳು ಎಲ್ಲಿ ಇಡಬೇಕು ಅನ್ನೂದು ಒಂದೇ ಪ್ರಶ್ನೆ. ಬಾಗಲಾ, ಟೈಲ್ಸ್, ಪತ್ರಾದ ರೇಟು ಯಾವ ಅಂಗಡ್ಯಾಗ ಕೇಳಿದ್ರೂ ಹೇಳ್ತಾರ. ನೆಲದ ಕೆಳಗಿಂದು ಯಾರೂ ಕೇಳೂದಿಲ್ಲ. ಹೊಲ ಪೂರ್ತಿ ಎರಿ ಮಣ್ಣು, ಬ್ಯಾಸಗ್ಯಾಗ ಬಿರಕ ಬಿಡತದ ಅಂತ ಬರದು, ಒಂದೊಂದು ಖಾಂಬಕ್ಕೂ ಆರು ಫೂಟ ಆಳದ ಬುನಾದಿ ತೋರಿಸಿದೆ. ಖಾಂಬದ ಪೈಪು ಬೇಕಾದ್ದಕ್ಕಿಂತ ದುಪ್ಪಟ್ಟು ದಪ್ಪ. ಒಟ್ಟು ಒಂಬತ್ತು ಲಕ್ಷ ಮೂವತ್ತು ಸಾವಿರ. ಅಕ್ಷರ ಛಲೋ ದುಂಡಗ ಬರದಿದ್ದೆ.

ಅಕ್ಕ ಕನ್ನಡಕ ಹಾಕೊಂಡು ಓದಿದ್ಲು. ಕಡೀಗೆ ಒಟ್ಟು ಮೊತ್ತದ ಮ್ಯಾಲೆ ಬೆರಳಿಟ್ಟು ನೋಡಿ, ಕಾಗದ ಮಡಚಿಕೊಂಡು ಒಳಗ ಹೋದ್ಲು. ಮುಗೀತು ಅನಕೊಂಡೆ. ಕಚೇರ್ಯಾಗಾದ್ರ ಇಲ್ಲಿಗೇ ಮುಗೀತಿತ್ತು.

ಮರುದಿನ ಮಧ್ಯಾಹ್ನ ನಾ ಮಲಗಿ ಎದ್ದ ಕೂಡಲೇ ಚಾ ಕಪ್ಪಿನ ಸಂಗಟ ಆ ಕಾಗದ, ಒಂದು ಪೆನ್ಸಿಲ್ ತಂದಿಟ್ಲು. “ಈ ಟೈಲ್ಸ್ ಬ್ಯಾಡ. ಶಹಾಬಾದಿ ಕಲ್ಲಿನ ಫರಸಿ ಸಾಕು. ಎಷ್ಟು ಉಳೀತು ನೋಡು.” ನೋಡಿ ಹೇಳಿದೆ. ಮರುದಿನ ಒಂದು ಖೋಲಿನೇ ತಗದ್ಲು: “ಎರಡು ಯಾಕ, ಇರಾಕಿ ಒಬ್ಬಾಕಿ.” ಆಮ್ಯಾಲೆ ಬಣ್ಣ ಹೋತು, ಅಡಿಗಿ ಕಟ್ಟಿ ಹೋತು. ಒಳಗಿನ ಬಚ್ಚಲಾ ಹೊರಗ ಬಂತು. ಪತ್ರಾದ ಕೆಳಗ ಝಳ ತಡಿಲಿಕ್ಕೆ ಹಾಕೋ ಹಾಳಿ ಹೊಡದು ಹಾಕಿದ ದಿನ ನಾ ರೇಗಿಬಿಟ್ಟೆ.

“ತಲಿ ಗಿಲಿ ಕೆಟ್ಟದೇನು? ನಮ್ಮ ಬಿಸಲಾಗ ಬರೇ ಪತ್ರಾದ ಕೆಳಗ ಬೆಂದು ಹೋಗ್ತಿ.”

“ಮಧ್ಯಾಹ್ನ ಬಾಳಿ ತೋಟದಾಗ ಕುಂದರ್ತೀನಿ. ತಂಪಿರತದ.”

ಏಳನೇದೋ ಎಂಟನೇದೋ ದಿನ ಕಿಡಕಿಗೆ ಬಂದ್ಲು. ನಾಕು ಇದ್ದವು, ಮೂರು ಹೊಡದ್ಲು. ಉಳದ ಒಂದರ ಮ್ಯಾಲೆ ಪೆನ್ಸಿಲ್ ಹಿಡದು, ಇದೂ ಇರಲೋ ಬ್ಯಾಡೋ ಅನ್ನೋಹಂಗ ನನ್ನ ನೋಡಿದ್ಲು. ಆಮ್ಯಾಲೆ ಪೆನ್ಸಿಲ್ ಮ್ಯಾಲಿನ ಸಾಲಿಗೆ ಸರೀತು. “ತಮ್ಮಾ, ಈ ಖಾಂಬದಾಗ, ಬುನಾದ್ಯಾಗ ಏನಾರ ಕಮ್ಮಿ ಮಾಡಲಿಕ್ಕೆ ಬರತದೇನು? ಅಲ್ಲೇ ಭಾಳ ರೊಕ್ಕ ಅದ.”

“ಅದನ್ನ ಮುಟ್ಟಬ್ಯಾಡ,” ಅಂದೆ. “ಅದಕ್ಕ ಕೈ ಹಚ್ಚಿದ್ರ ಶೆಡ್ ನಿಂದ್ರೂದಿಲ್ಲ.”

“ಹಂಗಾರ ಬ್ಯಾಡ. ನಿನಗ ತಿಳದದ್ದು ನನಗೇನು ತಿಳೀತದ.”

ಆ ಹೊತ್ತಿನ್ಯಾಗ ಖರೇ ಹೇಳಬಹುದಿತ್ತು. ಚಾ ಕುಡದು ಕಪ್ಪು ಕೆಳಗಿಟ್ಟೆ. ಒಟ್ಟು ಆರು ಲಕ್ಷ ಐದು ಸಾವಿರಕ್ಕ ಬಂದು ನಿಂತಿತ್ತು. ನನ್ನ ಸುಳ್ಳು ಕಾಗದದ ಮ್ಯಾಲೆ ಹಂಗೇ ಗಟ್ಟಿಯಾಗಿ ಉಳದಿತ್ತು. ಅಕ್ಕ ತನ್ನ ಗಾಳಿ, ಬೆಳಕು, ನೆರಳು ಎಲ್ಲಾ ಮಾರಿ ಅದರ ಬೆಲಿ ಕೊಟ್ಟಿದ್ಲು. ಐದು ಸಾವಿರ ಹೆಂಗರ ಹೊಂದಸ್ತೀನಿ ಅಂತ ಖುಷೀಲೆ ಒಳಗ ಹೋದ್ಲು. ಆಕಿ ಖುಷಿ ನೋಡಿ ನನ್ನ ಮ್ಯಾಲೆ ನನಗೇ ಹೇಸಿಗಿ ಬಂತು.

ನೆಹರು ಗಂಜ್ ಹಿಂದ ಒಬ್ಬ ವೆಲ್ಡಿಂಗ್ ಮಿಸ್ತ್ರಿ ಇದ್ದಾನ. ಅರ್ಧ ಗಂಜಿನ ಗೋದಾಮಿನ ಪತ್ರಾ ಅವನೇ ಹಾಕಿದ್ದು. ಅಕ್ಕನೇ ಹೋಗಿ ಅವನ ಸಂಗಟ ಮಾತಾಡಿ, ಒಂದು ಗುರುವಾರ ಅವನನ್ನೂ ನನ್ನನ್ನೂ ಹೊಲಕ್ಕ ಹೊಂಡಿಸಿದ್ಲು. ಅವನ ಟೆಂಪೋದಾಗೇ ಕಮಲಾಪುರಕ್ಕ ಹೋದೆವು. ದಾರ್ಯಾಗ ಅಕ್ಕ ಮಿಸ್ತ್ರಿಗೆ ಬಾಗಲಾ ಯಾವ ಕಡೆ ಬರಬೇಕು, ತೊಗರಿ ಚೀಲ ಎಲ್ಲಿ ಇಡಬೇಕು ಅಂತ ಹೇಳಕೋತ ಬಂದ್ಲು. ಅಷ್ಟು ಮಾತಾಡಿದ್ದು ನಾ ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಮಿಸ್ತ್ರಿ ಹೊಲಕ್ಕ ಇಳದಾಂವ ಮೊದಲು ಕಾಗದ ನೋಡಲಿಲ್ಲ. ಕಬ್ಬಿಣದ ಹಾರಿ ತಗೊಂಡು, ಖಾಂಬ ಬರೋ ಜಾಗಾದಾಗ ನೆಲ ಕುಕ್ಕಿದ. ಎರಡು ಫೂಟಿಗೇ ಠಣ್ ಅಂತು. ಇನ್ನೊಂದು ಕಡೆ ಕುಕ್ಕಿದ, ಅಲ್ಲೂ ಹಂಗೇ. ಆಮ್ಯಾಲೆ ಕಾಗದ ಬಿಚ್ಚಿ ಓದಿ, ಮತ್ತೊಮ್ಮೆ ಓದಿ, ನನ್ನ ಕಡೆ ತಿರುಗಿದ.

“ಸಾಹೇಬರ, ಕೆಳಗ ಪೂರಾ ಮೊರಮು ಅದ, ಕಲ್ಲಿದ್ದಂಗ. ಎರಡೂವರಿ ಫೂಟ ತೋಡಿದ್ರ ಬಸ್, ಸಾಕು. ಆರು ಫೂಟ ಯಾತಕ್ಕ? ಈ ಪೈಪಿನ ಮ್ಯಾಲ ಪತ್ರಾ ಹಾಕ್ತೀರೋ, ರೈಲು ಓಡಸ್ತೀರೋ? ಇಷ್ಟು ರೊಕ್ಕ ಖಾಂಬಕ್ಕ ಹಾಕಿ, ಮನಷಾ ಇರೋ ಖೋಲಿಗೆ ಒಂದು ಕಿಡಕಿ. ಇದು ಯಾವ ಹಿಸಾಬ್ರೀ?”

ನನ್ನ ಬದಲಿ ಅಕ್ಕ ಮಾತಾಡಿದ್ಲು.

“ನಿಮಗ ಗೊತ್ತಿಲ್ಲ ಮಿಸ್ತ್ರಿ. ಅಂವ ಸಣ್ಣಾಂವಿದ್ದಾಗಿಂದ ಅಂಜುಬುರುಕ. ಬಿರುಗಾಳಿಗೆ ಪತ್ರಾ ಹಾರಿ ನನ್ನ ಮ್ಯಾಲೆ ಬಿದ್ದೀತು ಅಂತ ಅಂಜಿ ಗಟ್ಟಿ ಬರದಾನ. ಅಂವ ಬರದಂಗೇ ಹಾಕ್ರಿ.”

ಇದು ನನಗ ತಪ್ಪಿಸಿಕೊಳ್ಳಲಿಕ್ಕೆ ಸಿಕ್ಕ ಹಾದಿ. ಹೌದು ಅಂತ ಗೋಣು ಹಾಕಿದ್ರ ಮುಗೀತಿತ್ತು. ಅಕ್ಕ ಆ ಒಂದು ಕಿಡಕಿ ಖೋಲ್ಯಾಗ, ಝಳದಾಗ, ತಮ್ಮಗ ತನ್ನ ಮ್ಯಾಲೆ ಎಷ್ಟು ಕಾಳಜಿ ಅಂತ ಅನಕೋತ ಇರತಿದ್ಲು. ಅದೊಂದು ಮಾತ್ರ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ.

“ಅಂಜಿ ಬರದದ್ದಲ್ಲ ಅಕ್ಕಾ,” ಅಂದೆ. “ಕೆಳಗ ಮೊರಮು ಅದ ಅಂತ ನನಗ ಗೊತ್ತಿತ್ತು. ಅಪ್ಪ ಬಾವಿ ತೋಡಸಿದಾಗ ನೋಡೀನಿ. ನೀ ಹೋಗಬಾರದು, ನಿನ್ನ ಆರು ಲಕ್ಷಕ್ಕ ಆಗಬಾರದು ಅಂತಲೇ ಅಷ್ಟು ಬರದೆ.”

ಮಿಸ್ತ್ರಿ ಹಾರಿ ತಗೊಂಡು ನಾಕು ಹೆಜ್ಜಿ ಆಚಿ ಸರದು ನಿಂತ. ಅಕ್ಕ ಅವನ ಕೈಯಾಗಿನ ಕಾಗದ ಇಸಗೊಂಡ್ಲು. ತಾ ಪೆನ್ಸಿಲಿಲೆ ಹೊಡದು ಹಾಕಿದ ಸಾಲು ಒಂದೊಂದೇ ನೋಡಿದ್ಲು. ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ರ ಛಲೋ ಇತ್ತು.

“ಇಷ್ಟೆಲ್ಲಾ ಯಾಕ ಬರದ್ಯೋ,” ಅಂದ್ಲು. “ಹೋಗಬ್ಯಾಡ, ಇರು ಅಂತ ಬಾಯಿಲೆ ಅಂದಿದ್ರ ಇರತಿದ್ದೆ. ಇಪ್ಪತ್ತೆಂಟು ವರ್ಷದಾಗ ಯಾರೂ ಆ ಮಾತು ಅಂದಿಲ್ಲ. ಅಂತೀರೇನು ನೋಡೋಣ ಅಂತಲೇ ನಾ ಶೆಡ್ಡಿನ ಮಾತು ತಗದಿದ್ದು.”

“ಈಗ ಅಂತೀನಿ. ಇರು.”

“ಈಗ ನೀ ಸಿಕ್ಕಬಿದ್ದು ಅನ್ನಲಾಕತ್ತಿ.”

ಕಾಗದ ಮಡಚಿ ನನ್ನ ಕೈಯಾಗಿಟ್ಟು, ಮಿಸ್ತ್ರಿ ಕಡೆ ಹೋಗಿ, “ಕೆಲಸ ಯಾವಾಗ ಹಿಡೀತೀರಿ?” ಅಂತ ಕೇಳಿದ್ಲು. ಮಿಸ್ತ್ರಿ ನನ್ನ ಮಾರಿ ನೋಡಿದ, ಸಾಹೇಬರು ಹೇಳಲಿ ಅಂತ.

“ಸೋಮವಾರ,” ಅಂದೆ. “ಬುನಾದಿ ಎರಡೂವರಿ ಫೂಟ. ಕಿಡಕಿ ನಾಕೂ ಹಾಕ್ರಿ.”