ಧನರಾಜ ಶೇಟರ ಬಣ್ಣವಿಲ್ಲದ ಆಕಾಶ

ಹುಮನಾಬಾದಿನ ಬಟ್ಟೆಯಂಗಡಿಯ ಧನರಾಜ ಶೇಟರಷ್ಟು ಬೆಚ್ಚಿಬೀಳುವ ಮನುಷ್ಯನನ್ನು ನಾನು ಕಂಡಿಲ್ಲ. ತೊಂಬತ್ತರ ದಶಕದಲ್ಲಿ ಪತ್ರಿಕೆಯ ವಿಜ್ಞಾನ ಪುಟ ಬಂದ ದಿನ ಅವರ ವ್ಯಾಪಾರವೇ ನಿಲ್ಲುತ್ತಿತ್ತು. "ಮಾಸ್ತರ್ರ, ಎದಿ ಝಲ್ ಅಂತದ್ರಿ! ನಮ್ಮ ಭೂಮಿ ಹುಟ್ಟೂಕಿಂತ ಮೊದಲ ಕ್ವೇಸಾರ್ ಅಂತ, ದೂರದ ನಕ್ಷತ್ರಲೋಕದ ಉರಿಯೋ ನಡುಭಾಗ, ಅಲ್ಲಿಂದ ಹೊಂಟ ಕಾವು ಈಗ ಬಂದು ಮುಟ್ಟಾಕತ್ತದಂತ!" ಎನ್ನುವಷ್ಟರಲ್ಲಿ ಕೈಯಲ್ಲಿದ್ದ ಗಜಕಡ್ಡಿ ಕೆಳಗೆ ಬೀಳುತ್ತಿತ್ತು. ದುಬಲಗುಂಡಿಯ ಗಿರಾಕಿಯೊಬ್ಬಳು "ಸಾವಕಾರ್ರ, ಮೊದಲ ನನ್ನ ಸೀರಿ ಮುಟ್ಟಸ್ರಿ, ಬಸ್ಸು ಹೋಗ್ತದ" ಎಂದರೆ ಅವಳನ್ನೂ ಬಿಡರು: "ತಂಗಿ, ಧೂಳಿನ್ಯಾಗ ಮುಚ್ಚಿಹೋದ ನಕ್ಷತ್ರಲೋಕ ಅವ. ಬೂದಿ ಮುಚ್ಚಿದ ಕೆಂಡದ ಮ್ಯಾಲ ಕೈ ಹಿಡದಂಗ, ಕಾವಿನಿಂದನ ಗುರುತು ಹಿಡೀತಾರ!" ದಿನವಿಡೀ ಬದಾಮಿ, ಜಾಂಭಳಿ, ಗಿಳಿಹಸಿರು ಎಂದು ಕೂಗುವ ಬಾಯಿ ಆಕಾಶದ ಮಾತಿಗೆ ಬಂದರೆ ಒಂದು ಬಣ್ಣವನ್ನೂ ಹೇಳುತ್ತಿರಲಿಲ್ಲ; ಎಲ್ಲವೂ ಒಲೆ, ತವೆ, ಕೆಂಡ. "ಶೇಟರ ಆಕಾಶ ಅಂದ್ರ ಬರೀ ಅಡಿಗಿಮನಿ" ಎಂದು ಪಕ್ಕದಂಗಡಿಯ ಕಾಶಿರಾಮ ನಗುತ್ತಿದ್ದ. ಒಂದು ಸಂಜೆ ಬಸವಕಲ್ಯಾಣದ ಬಸ್ಸು ತಪ್ಪಿ ಅವರ ಮನೆಗೆ ಹೋದೆ. ಮಡದಿ ಭುವನೇಶ್ವರಿಗೆ ಹುಟ್ಟಿನಿಂದಲೇ ಕಣ್ಣಿಲ್ಲವೆಂದು ಆಗ ತಿಳಿದು ದಂಗಾದೆ. "ಇವತ್ತ ಅಂಗಡ್ಯಾಗ ನಿಮ್ಮ ಆಕಾಶದ ಮಾತು ಯಾರಿಗರೆ ತಿಳೀತೇನ್ರಿ?" ಎಂದು ಆಕೆ ಕೇಳಿದರು. "ಬಣ್ಣದ ಹೆಸರ ಎತ್ತಲಾರದ ಹೇಳಿದೆ, ಗಿರಾಕಿಗೆ ತಿಳೀತು. ಇನ್ನ ನಿನಗ ಹೇಳಾಕ ಅಡ್ಡಿಯಿಲ್ಲ" ಎಂದ ಶೇಟರು ಮಡದಿಯ ಅಂಗೈಯನ್ನು ಪಡುವಣ ಗೋಡೆಯ ಕಲ್ಲಿಗೆ ತಾಗಿಸಿದರು. "ಸೂರ್ಯ ಹೋಗ್ಯಾನ, ಅವನ ಕಾವು ಇನ್ನೂ ಬರಾಕತ್ತದ. ಕ್ವೇಸಾರಿಂದೂ ಹಿಂಗ, ಅದು ಈಗ ಅಲ್ಲಿ ಅದನೋ ಇಲ್ಲೋ." ಆಕೆ ಸುಟ್ಟುಕೊಂಡವರಂತೆ ಕೈ ಹಿಂದೆಗೆದು, ಮತ್ತೆ ಮೆಲ್ಲಗೆ ಕಲ್ಲಿನ ಮೇಲಿಟ್ಟು, ಗಂಡನ ಕಡೆ ಮುಖ ತಿರುಗಿಸಿ ಉಸುರಿದರು: "ಅಯ್ಯ, ಎದಿ ಝಲ್ ಅಂತದ್ರಿ!"