ಗುಲಾಬಿಯ ಬುಡಕ್ಕೆ ಉಪ್ಪು

ಇವತ್ತು ಬೆಳಿಗ್ಗೆ ಈ ವರ್ಷದ ಮೂರನೆಯ ಗುಲಾಬಿ ಗಿಡವನ್ನು ಕುಂಡದಿಂದ ಕಿತ್ತು ಎಸೆದೆ. ಸತ್ತ ಗಿಡಕ್ಕೂ ಮುಳ್ಳಿನ ಸೊಕ್ಕು ಹೋಗಿರುವುದಿಲ್ಲ ನೋಡಿ, ಹೆಬ್ಬೆರಳಿಗೆ ಸರಿಯಾಗಿ ಚುಚ್ಚಿತು. ಬ್ರಹ್ಮಾವರದ ಈ ಮನೆಯ ತಾರಸಿಯಲ್ಲಿ ಎಲ್ಲ ಬೆಳೆಯುತ್ತದೆ. ಬಸಳೆ, ಮಲ್ಲಿಗೆ, ಯಾರೂ ನೆಡದ ಪಪ್ಪಾಯಿ ಕೂಡ. ಗುಲಾಬಿ ಮಾತ್ರ ನರ್ಸರಿಯಿಂದ ಎರಡು ಹೂ ಹೊತ್ತು ಮದುಮಗಳ ಹಾಗೆ ಬರುತ್ತದೆ, ತಿಂಗಳೊಳಗೆ ಎಲೆ ಹಳದಿ, ಗೆಲ್ಲು ಕಪ್ಪು, ಮುಗಿಯಿತು ಕಥೆ. ಚಹಾದ ಚರಟ ಹಾಕಿ ಎಂದರು, ಹಾಕಿದೆ. ಈರುಳ್ಳಿ ಸಿಪ್ಪೆಯ ನೀರು ಹೊಯ್ಯಿರಿ ಎಂದರು, ಹೊಯ್ದೆ. ಸಾಕಾಗಿದೆ ಮಾರಾಯ್ರೆ. ಈ ವಯಸ್ಸಿನಲ್ಲಿ ಒಂದು ಗಿಡದ ಹತ್ತಿರ ಇಷ್ಟೆಲ್ಲ ಬೇಡಿಕೊಳ್ಳುವುದು ನನ್ನಿಂದಾಗದು.

ಬೆರಳು ಚೀಪುತ್ತ ಕೂತಾಗ ಅಮ್ಮ ನೆನಪಾದಳು. ಅವಳಿಗೂ ಇದೇ ಹುಚ್ಚು. ನನ್ನದು ಹೊತ್ತು ಹೋಗದೆ ಹಿಡಿದದ್ದು, ಅವಳದು ಹಾಗಲ್ಲ.

ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧದ ಕಾಲದ, ನಾನಿನ್ನೂ ಸಣ್ಣವಳಿದ್ದಾಗಿನ ಮಾತು. ನಮ್ಮ ಮನೆ ಇದ್ದದ್ದು ಹಂಗಾರಕಟ್ಟೆಯ ಹೊಳೆಬದಿಯಲ್ಲಿ, ಬೇಸಿಗೆ ಬಂತೆಂದರೆ ಬಾವಿಯ ನೀರೇ ಉಪ್ಪಾಗುವ ಜಾಗ. ಅಪ್ಪಯ್ಯನಿಗೆ ಊರಿನ ಸಣ್ಣ ದೇವಸ್ಥಾನದ ಪೂಜೆ. ಅಮ್ಮನ ತವರು ಒಳನಾಡಿನ ಶಂಕರನಾರಾಯಣ ಊರಿನ ಕಡೆ, ಕೆಂಪು ಮಣ್ಣು, ಸಿಹಿ ನೀರು. ಅಲ್ಲಿ ಅಂಗಳದ ಮೂಲೆಯಲ್ಲಿ ಗುಲಾಬಿ ತನ್ನಷ್ಟಕ್ಕೆ ಬೆಳೆಯುತ್ತಿತ್ತು. ಒಂದು ಸಲ ತವರಿಗೆ ಹೋದವಳು ಅದರ ಗೆಲ್ಲೊಂದನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಇದ್ದಲಿನಿಂದ ಓಡುವ ಆಗಿನ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ಆ ಬಸ್ಸಿನಲ್ಲಿ ನಾನೂ ಇದ್ದೆ, ಮಡಿಲು ಮಾತ್ರ ನನಗೆ ಸಿಗಲಿಲ್ಲ.

ಅಮ್ಮನ ಆಸೆ ದೊಡ್ಡದೇನೂ ಅಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಮುಡಿಯುತ್ತಿದ್ದದ್ದು ದೇವರಿಗೆ ಏರಿಸಿ, ಬಾಡಿ, ಪ್ರಸಾದವಾಗಿ ಮರಳಿ ಬಂದ ಹೂ. ಗಿಡದಿಂದ ಕೊಯ್ದು ನೇರ ತಲೆಗಿಟ್ಟದ್ದು ಮದುವೆಯಾದ ಮೇಲೆ ಇಲ್ಲವೇ ಇಲ್ಲ ಎಂದು ಅವಳೇ ಒಮ್ಮೆ ಹೇಳಿದ್ದಳು. ತವರಿನ ಗಿಡದ ಒಂದು ಹೂವನ್ನು, ಬಾಡುವ ಮೊದಲು, ಒಂದೇ ಒಂದು ಸಲ ಮುಡಿಯಬೇಕು. ಅಷ್ಟೇ.

ಅಷ್ಟಕ್ಕೆ ಮನೆಯವರೆಲ್ಲ ಸೇರಿ ಕೊಟ್ಟ ಕಾಟ ಹೇಳಿ ಮುಗಿಯದು. ಬೇರು ಬಂತೋ ಎಂದು ದಿನಾ ಗೆಲ್ಲನ್ನು ಕಿತ್ತು ನೋಡಿ ಮತ್ತೆ ಊರುತ್ತಿದ್ದವಳು ನಾನು. ಸಿಕ್ಕಿಬಿದ್ದ ದಿನ ಅಮ್ಮ ಹಿಂಡಿದ್ದು ನನ್ನ ಕಿವಿಗೆ ಇನ್ನೂ ನೆನಪಿದೆ. ಚಿಗುರಿದ ಮೇಲೆ ಹಟ್ಟಿಯ ಕರು ತಿಂದಿತು, ಮುಳ್ಳು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಮತ್ತೆ ಚಿಗುರಿತು. ಆಗ ಅಜ್ಜಿಯ ಸರದಿ. ಅಜ್ಜಿ ಎಂದರೆ ಅಪ್ಪಯ್ಯನ ತಾಯಿ. ನಮ್ಮ ಕಡೆ ತೆಂಗಿನ ಬುಡ ಬಿಡಿಸಿ ಬೂದಿ, ಉಪ್ಪು ಹಾಕುವುದು ವಾಡಿಕೆ. ಸೊಸೆಯ ಗಿಡ ಸೊರಗಿದ್ದು ಕಂಡ ಅಜ್ಜಿ, ಪ್ರೀತಿಯಿಂದಲೇ, ಅದರ ಬುಡಕ್ಕೂ ಎರಡು ಬೊಗಸೆ ಉಪ್ಪು ಸುರಿದುಬಿಟ್ಟರು. ನಾಲ್ಕೇ ದಿನಕ್ಕೆ ಎಲೆ ಸುಟ್ಟುಹೋಯಿತು. ಅಮ್ಮ ಬುಡದ ಮಣ್ಣೆಲ್ಲ ತೋಡಿ ಚೆಲ್ಲಿ, ದೂರದ ಗದ್ದೆಯ ಮಣ್ಣು ಹೊತ್ತು ತಂದು ತುಂಬಿದಳು. ಕುಡಿಯಲೆಂದು ಅರ್ಧ ಮೈಲಿಯಾಚೆಯ ಬಾವಿಯಿಂದ ತರುವ ನೀರಿನಲ್ಲಿ ದಿನಾ ಒಂದು ಚೊಂಬು ಅದಕ್ಕೆ. ಸಂಜೆಯಾದರೆ ಅವಳ ಸೊಂಟ ನೆಟ್ಟಗಾಗುತ್ತಿರಲಿಲ್ಲ.

ಮರುವರ್ಷ ಒಂದು ಮೊಗ್ಗು ಬಂತು. ಅದು ಅರೆಬಿರಿದ ಸಂಜೆ ಅಮ್ಮ ಬಗ್ಗಿ ಮೂಸಲು ಹೋದವಳು ಮುಖ ಹಿಂದಕ್ಕೆ ತೆಗೆದಳು. ಮೂಸಿದ ಹೂ ದೇವರಿಗೆ ಆಗದು. ತನಗೆಂದೇ ಬೆಳೆಸಿದ್ದಾದರೂ ಮೈಗಂಟಿದ ಹೆದರಿಕೆ ಬಿಡಬೇಕಲ್ಲ. ನಾಳೆ ಪೂರ್ತಿ ಅರಳಲಿ ಎಂದು ಒಳಗೆ ಹೋದಳು.

ಬೆಳಗಾಗುವಷ್ಟರಲ್ಲಿ ಅಪ್ಪಯ್ಯ ಮಿಂದು ಬಂದು, ದಾಸವಾಳ, ತುಂಬೆಯ ಜೊತೆಗೆ ಗುಲಾಬಿಯನ್ನೂ ಕೊಯ್ದು ದೇವಸ್ಥಾನಕ್ಕೆ ಒಯ್ದಿದ್ದರು. ಕೆಟ್ಟವರಲ್ಲ ಅವರು. ಹಿತ್ತಿಲಲ್ಲಿ ಅರಳಿದ್ದೆಲ್ಲ ದೇವರದ್ದು ಎಂದು ನಂಬಿದವರು, ಕೇಳಬೇಕೆಂದು ಹೊಳೆಯಲೇ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂತು ಖುಷಿಯಿಂದ ಹೇಳಿದರು: ಹೂ ಪ್ರಸಾದವಾಗಿ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರ ಹೆಂಡತಿಗೆ ಹೋಯಿತು, ಅವರು ಅಲ್ಲೇ ಮುಡಿದುಕೊಂಡರು, ಇನ್ನು ಹೂ ಬಿಟ್ಟಾಗಲೆಲ್ಲ ತಮಗೇ ಕೊಡಬೇಕು ಎಂದಿದ್ದಾರೆ, ನಾನು ಒಪ್ಪಿ ಬಂದಿದ್ದೇನೆ. ಅಮ್ಮನ ಕೈಯ ಸೌಟು ಒಮ್ಮೆ ನಿಂತಿತು. ಮತ್ತೆ ಸಾರು ಬಡಿಸಿದಳು.

ಅಪ್ಪಯ್ಯ ಎದ್ದು ಹೋದ ಮೇಲೆ ಅಜ್ಜಿ ಸೊಸೆಗೆ ಮೆಲ್ಲಗೆ ಹೇಳಿದರು, "ನಿನ್ನೆಯೇ ಒಂದ್ಸಲ ಮೂಸಿ ಬಿಡ್ಕಿತ್ತ್ ಹೆಣೆ. ನಿಂದೇ ಆತಿತ್ತ್."

ಎರಡು ದಿನ ಕಳೆದು ಅಮ್ಮ ಉಪ್ಪಿನ ಭರಣಿ ಎತ್ತಿಕೊಂಡು ಹಿತ್ತಿಲಿಗೆ ಬಂದಳು. ಹಾಡುಹಗಲು. ನಾನೂ ಅಜ್ಜಿಯೂ ಜಗಲಿಯಲ್ಲಿ ಕೂತಿದ್ದೆವು. ಭರಣಿಯಲ್ಲಿದ್ದದ್ದಷ್ಟನ್ನೂ ಗುಲಾಬಿಯ ಬುಡಕ್ಕೆ ಸುರಿದು, ಮೇಲೆ ನಮ್ಮ ಬಾವಿಯ ಉಪ್ಪುನೀರು ಹೊಯ್ದು, ಭರಣಿ ತೊಳೆದು ಬಿಸಿಲಿಗೆ ಬೋರಲು ಹಾಕಿ ಒಳಗೆ ಹೋದಳು. ನನಗೆ ಹೆದರಿಕೆಯಾಗಿ ಅಜ್ಜಿಯ ಮುಖ ನೋಡಿದೆ. ಅಜ್ಜಿ ಬತ್ತಿ ಹೊಸೆಯುತ್ತಲೇ ಇದ್ದರು.

ಗಿಡ ಕರಟಿದ್ದು ಕಂಡ ದಿನ ಅಪ್ಪಯ್ಯ ಕೂಗಾಡಿದರು. ಮೊಕ್ತೇಸರರ ಮನೆಗೆ ಮಾತು ಕೊಟ್ಟಾಗಿದೆ, ಉಪ್ಪು ಹಾಕಿದ್ದು ಯಾರು? ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಎಂದರು, "ನಾನೇ ಹಾಕದ್ದ್ ಮಗಾ. ತೆಂಗಿಗೆ ಹಾಕ್ತ್ರಲ್ದಾ? ಒಂದ್ಸಲ ಹಾಕಿಯೂ ನಂಗೆ ಬುದ್ಧಿ ಬರ್ಲಿಲ್ಲ."

ಬೈಗುಳವನ್ನೆಲ್ಲ ಅಜ್ಜಿ ತಲೆ ತಗ್ಗಿಸಿ ಕೇಳಿದರು. ಆಮೇಲೆ ಅದು ನೆಂಟರಿಷ್ಟರ ನಡುವೆ ದೊಡ್ಡ ತಮಾಷೆಯಾಯಿತು, ಅಜ್ಜಿ ಸಾಯುವ ತನಕ ಎಲ್ಲರೊಡನೆ ತಾವೂ ನಕ್ಕರು. ಅಮ್ಮ ಮಾತ್ರ ಆಗೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಮತ್ತೆಂದೂ ಅವಳು ಗುಲಾಬಿ ನೆಡಲಿಲ್ಲ, ಮುಡಿಯಲೂ ಇಲ್ಲ. ನನಗೆ ಅಪ್ಪಯ್ಯನ ಮೇಲೆ ಎಷ್ಟೋ ವರ್ಷ ಸಿಟ್ಟಿತ್ತು. ಈಗ ಆ ಸಿಟ್ಟಿಗೂ ದಣಿವಾಗಿದೆ. ದುಃಖವಾಗುವುದು ಒಂದಕ್ಕೇ, 'ಆ ಹೂ ನನಗೆ ಬೇಕು' ಎಂದು ಅಮ್ಮ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅಪ್ಪಯ್ಯ ಕೊಡುತ್ತಿದ್ದರೋ ಏನೋ. ಅವಳಿಗೆ ಬುದ್ಧಿ ಹೇಳಲು ಹೊರಟ ನಾನು ಮಾತ್ರ ನನಗೆ ಬೇಕಾದ್ದನ್ನು ಎಂದಾದರೂ ಬಾಯಿಬಿಟ್ಟು ಹೇಳಿದ್ದೇನೆಯೇ?

ಕೆಳಗಿನಿಂದ ನಮ್ಮ ಯಜಮಾನರು ಕೂಗಿದರು. "ಹ್ವಾಯ್, ಕುಂದಾಪ್ರಕ್ಕ್ ಹೋತೆ. ಇನ್ನೊಂದ್ ಗಿಡ ತರ್ಕಾ?"

ಬೇಡ ಎನ್ನಬೇಕೆಂದೇ ಕೂತಿದ್ದವಳು ನಾನು.

"ತನ್ನಿ," ಎಂದೆ. "ಆದ್ರೆ ಮೊದ್ಲಿನ್ ಹೂ ನಂಗೆ. ದೇವ್ರಿಗೆ ಎರಡ್ನೇದ್."

ಅವರು ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ, ಯಾವ ಬಣ್ಣದ್ದು ಬೇಕು ಎಂದು ಕೇಳಿದರು.